ನೀಲಿ ಬೆಳಕಿನ ಕೆಳಗೆ ದೊಡ್ಡಮ್ಮ

ಕಥೆ ಹೇಳುವುದನ್ನು ನಾನು ಕಲಿತದ್ದು ಬಾರ್ಕೂರಿನ ದೊಡ್ಡಮ್ಮನ ಬಾಯಿಂದ. ಆ ಬಾಯಿ ನಲವತ್ತು ವರ್ಷ ಎಲೆ-ಅಡಿಕೆ ಹಾಕಿ ಕೆಂಪಾಗಿತ್ತು. ಎಲೆ ಬಿಟ್ಟರೂ ಕಲೆ ಬಿಡಲಿಲ್ಲ. ಹಾಗಾಗಿ ನಮ್ಮ ಮನೆಯ ಒಂದು ಫೋಟೊದಲ್ಲೂ ಅವರ ನಗು ಇಲ್ಲ. ಇರುವುದು ಬಾಯಿಗೆ ಅಡ್ಡ ಹಿಡಿದ ಸೆರಗು. ಮೊಮ್ಮಗಳ ನಿಶ್ಚಿತಾರ್ಥದಲ್ಲಾದರೂ ಬಾಯಿ ಬಿಟ್ಟು ನಕ್ಕ ಫೋಟೊ ಒಂದು ಬೇಕೇ ಬೇಕು ಎಂದು ದೊಡ್ಡಮ್ಮನೇ ಹಟ ಹಿಡಿದರು.

ಬ್ರಹ್ಮಾವರದ ಹಲ್ಲಿನ ಡಾಕ್ಟರು, ಸಣ್ಣ ಪ್ರಾಯದ ಹೆಣ್ಣುಮಗಳು, ಮೊದಲು ಕಿಟ್ಟವನ್ನೆಲ್ಲ ಕೆರೆದು ತೆಗೆದರು. ಮರುವಾರ ತುಟಿ ಅಗಲಿಸುವ ಪ್ಲಾಸ್ಟಿಕ್ ಸಿಕ್ಕಿಸಿ, ಹಲ್ಲಿಗೆ ಬಿಳುಪು ತರುವ ಜೆಲ್ ಬಳಿದು, ಕಣ್ಣಿಗೆ ಕಿತ್ತಳೆ ಕನ್ನಡಕ ಇಟ್ಟು ನೀಲಿ ದೀಪ ಹಚ್ಚಿದರು. ಬೆಳಕು ಬಿದ್ದರೇ ಆ ಜೆಲ್ಲಿಗೆ ಚುರುಕು.

"ಮೂರ್ ಸಲ, ಹದಿನೈದ್ ಹದಿನೈದ್ ನಿಮಿಷ. ಅಲ್ಲಿವರಿಗೆ ಮಾತಾಡುಕಾಗ ಅಮ್ಮ. ಜೆಲ್ ವಸಡಿಗ್ ತಾಗಿರೆ ಉರಿತ್ತ್, ನಿಲ್ಸ್ಕಾತ್ತ್."

ಮಾತಾಡದ ದೊಡ್ಡಮ್ಮನನ್ನು ನಾನು ಕಂಡದ್ದು ಅಂದೇ ಮೊದಲು. ಜೊತೆಗೆ ಬಂದಿದ್ದ ಅವರ ತಂಗಿ, ನನ್ನ ಕೊಕ್ಕರ್ಣೆ ಚಿಕ್ಕಮ್ಮ, ಎರಡು ಸುತ್ತು ಹೇಗೋ ತಡೆದುಕೊಂಡರು. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ನಮ್ಮ್ ಅಕ್ಕ ಸಣ್ಣ ಪ್ರಾಯದಲ್ಲ್ ಎಂತ ಮಾಡಿದ್ಲ್ ಗೊತ್ತಿತ್ತಾ? ಗದ್ದಿ ನೆಟ್ಟಿಯವರಿಗೆ ಗಂಜಿ ಹೊತ್ಕ ಹೋಪತಿಗೆ ಕೋಣ ಕಂಡ್ ಹೆದ್ರಿ ಗದ್ದಿಗ್ ದೊಪ್ಪ ಬಿದ್ಲ್. ಗಂಜಿ ಪೂರಾ ಕೋಣ ಕುಡಿತ್!"

ದೊಡ್ಡಮ್ಮನ ಕಾಲಿನ ಹೆಬ್ಬೆರಳು ನೆಟ್ಟಗಾಯಿತು. ಕೈ ಮೇಲೆದ್ದು ಇಲ್ಲ, ಇಲ್ಲ ಎಂದು ಆಡಿತು. ತಂಗಿಯ ಕಡೆಗೆ ಬೆರಳು ಮಾಡಿತು. ಬಿದ್ದದ್ದು ಚಿಕ್ಕಮ್ಮ, ಪೆಟ್ಟು ತಿಂದದ್ದು ದೊಡ್ಡಮ್ಮ ಎಂದು ನಾನು ನೂರು ಸಲ ಕೇಳಿದ್ದೆ.

"ಸುಮ್ನೆ ಮನಿಕೋ ಅಕ್ಕ, ಮಾತಾಡುಕಾಗ ಅಂದ್ರಲೆ," ಎಂದು ಚಿಕ್ಕಮ್ಮ ಅವರ ಕಾಲು ನೇವರಿಸಿದರು. "ಮತ್ತ್ ಕಾಣಿ ಡಾಕ್ಟ್ರೇ, ಮನೆಗ್ ಬಂದ್ ಪೆಟ್ಟ್ ತಿಂದದ್ ನಾನ್!"

ಅಷ್ಟು ಸಾಕಾಯಿತು. ದೊಡ್ಡಮ್ಮ ದೀಪವನ್ನು ಆಚೆ ತಳ್ಳಿ ಎದ್ದು ಕುಳಿತು, ಪ್ಲಾಸ್ಟಿಕ್ ಬಾಯಲ್ಲಿದ್ದಂತೆಯೇ ಕೂಗಿದರು. ತುಟಿ ಕೂಡದ ಕಾರಣ ಬೈಗುಳಕ್ಕೆ ಆಕಾರವೇ ಇರಲಿಲ್ಲ. ಡಾಕ್ಟರು ಜೆಲ್ ಒರೆಸುತ್ತಾ, ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. ವಸಡು ಉರಿಯತೊಡಗಿದ್ದರಿಂದ ಮತ್ತೆ ಹಚ್ಚುವಂತಿರಲಿಲ್ಲ.

ಹಲ್ಲು ಬೆಳ್ಳಗಾಗದೆ ಬೆಣ್ಣೆಯ ಬಣ್ಣಕ್ಕೇ ನಿಂತಿತು. ರಿಕ್ಷಾದಲ್ಲಿ ಇಡೀ ದಾರಿ ಸೆರಗು ಬಾಯಿಯ ಮೇಲಿತ್ತು. "ಎಲ್ಲ ನಿನ್ನಿಂದ ಮಾರಾಯ್ತಿ," ಎಂದದ್ದು ಬಿಟ್ಟರೆ ತಂಗಿಯ ಜೊತೆ ಮಾತಿಲ್ಲ.

ನಿಶ್ಚಿತಾರ್ಥದ ದಿನ ಫೋಟೊದವರು "ಅಜ್ಜಿ, ಒಂಚೂರ್ ನಗಾಡಿ," ಅಂದಾಗ ಸೆರಗು ಮತ್ತೆ ಮೇಲೇರತೊಡಗಿತು. ಪಕ್ಕದಲ್ಲಿದ್ದ ಚಿಕ್ಕಮ್ಮ ಬಗ್ಗಿ ಉಸುರಿದರು: "ಅಕ್ಕ, ಬಿದ್ದದ್ ನಾನೇ. ಆರೆ ಬೀಳುಕ್ ಮೊದ್ಲೇ ಅರ್ಧ ಗಂಜಿ ನಾನ್ ಕುಡ್ದಿದ್ದೆ. ಪಾಪ, ಕೋಣಕ್ಕೆ ಸಿಕ್ಕದ್ ಅಷ್ಟೇ."

ಆ ಫೋಟೊ ಈಗ ಚಾವಡಿಯಲ್ಲಿದೆ. ದೊಡ್ಡಮ್ಮನ ಎದುರು ಹಲ್ಲಿನಿಂದ ದವಡೆ ಹಲ್ಲಿನವರೆಗೆ ಎಲ್ಲವೂ ಕಾಣುತ್ತದೆ. ಸೆರಗು ಹಿಡಿಯಬೇಕಿದ್ದ ಕೈ ಚಿಕ್ಕಮ್ಮನ ಕಿವಿ ಹಿಂಡುತ್ತಿದೆ.