ಮದುವೆ ಇಲ್ಲದೆ ಬಂದ ಟೇಬಲ್

ನಮ್ಮ ಮನೆಯಲ್ಲಿ ‘ನನಗೆ ಇದು ಬೇಕು’ ಎಂಬ ಮಾತು ಹೆಣ್ಣುಮಕ್ಕಳ ಬಾಯಿಂದ ಬಂದದ್ದೇ ಕಡಿಮೆ. ಅವ್ವ ಸಂತೆಗೆ ಹೋಗಿ ಬಂದರೆ ಚೀಲದಲ್ಲಿ ಕುರಿಗಳ ಔಷಧಿ ಇರುತ್ತಿತ್ತು, ನನಗೆ ಚುರುಮುರಿ ಇರುತ್ತಿತ್ತು, ಅವಳದೆಂದು ಒಂದು ಪಿನ್ನೂ ಇರುತ್ತಿರಲಿಲ್ಲ. ನಾನು ಹಾಗಲ್ಲ. ನನಗೆ ಬೇಕಾದದ್ದು ಬಹಳ ಇದೆ, ಹೇಳಲು ನಾಚಿಕೆಯೂ ಇಲ್ಲ. ‘ನಿನಗ ಹೊಟ್ಟಿಗಿಂತ ಕಣ್ಣ ದೊಡ್ಡವು’ ಎಂದು ಅವ್ವ ಅನ್ನುತ್ತಾಳೆ. ಇರಲಿ, ದೊಡ್ಡವೇ ಇರಲಿ.

ಆಗ ನಾನು ಘೋಡಗೇರಿಯಿಂದ ದಿನವೂ ಬಸ್ಸಿನಲ್ಲಿ ಘಟಪ್ರಭಾಕ್ಕೆ ಹೋಗಿ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾನು, ಅವ್ವ, ಒಂದಷ್ಟು ಕುರಿ. ನನ್ನದೊಂದು ಕತೆ ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು, ಇನ್ನೊಂದನ್ನು ಬರೆಯುತ್ತಿದ್ದೆ. ಬರೆಯುವುದೆಲ್ಲ ಅಡುಗೆಮನೆಯ ಜೋಳದ ಪೀಪಾಯಿಯ ಮುಚ್ಚಳದ ಮೇಲೆ, ನಿಂತುಕೊಂಡೇ. ಕತೆ ಒಳ್ಳೆಯ ಕಡೆ ಬಂದಾಗಲೇ ಅವ್ವನಿಗೆ ಜೋಳ ಬೇಕಾಗುತ್ತಿತ್ತು.

“ಎತ್ತ ನಿನ್ನ ಕತಿ. ಗಿರಣಿ ಬಂದ್ ಆಗತೈತಿ.”

ಎತ್ತುತ್ತಿದ್ದೆ. ಮತ್ತೆ ಇಡುವಷ್ಟರಲ್ಲಿ ಕತೆಯಲ್ಲಿ ಮಾತಾಡುತ್ತಿದ್ದವಳು ಬಾಯಿ ಮುಚ್ಚಿಕೊಂಡಿರುತ್ತಿದ್ದಳು.

ಅದೇ ಸಿಟ್ಟಿನಲ್ಲಿ ಒಂದು ಭಾನುವಾರ ಕುಳಿತು, ನನಗೆ ಏನೇನು ಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಮೊದಲನೆಯದು ಟೇಬಲ್, ಕಾಲು ಅಲ್ಲಾಡಬಾರದು. ಬೆನ್ನಿಗೆ ಆನಿಕೆ ಇರುವ ಖುರ್ಚಿ. ಬಾಜೂ ಮನೆಯ ಟಿವಿ ಧಾರಾವಾಹಿಯ ಅತ್ತೆ-ಸೊಸೆಯರ ಜಗಳ ನನ್ನ ಕತೆಯೊಳಗೆ ನುಗ್ಗುತ್ತಿದ್ದುದರಿಂದ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ರೊಟ್ಟಿ ಬಡಿಯುವಾಗ ಹಾಡು ಕೇಳಲು ಸ್ಪೀಕರ್. ಇಲಿ ಹೋಗದಂಥ, ಗಾಜಿನ ಬಾಗಿಲಿನ ಕಪಾಟು. ಕಿಟಕಿಗೆ ಪರದೆ. ಕರೆಂಟು ಹೋದರೂ ಉರಿಯುವ ದೀಪ. ಅವ್ವನಿಗೆ ಕಣ್ಣು ಸಣ್ಣದು ಮಾಡದೆ ಸಿನಿಮಾ ನೋಡಲು ಆಗುವಷ್ಟು ದೊಡ್ಡ ಟಿವಿ. ಒಂದು ಮೆತ್ತನೆ ಗಾದಿ, ಯಾಕೆಂದರೆ ಕೌದಿಯ ಮೇಲೆ ಮಲಗಿ ಬೆನ್ನು ಹಿಡಿಯುತ್ತಿತ್ತು. ಬರೆದು ಮುಗಿಸಿ ಕನ್ನಡಿಯ ಪಕ್ಕ ಗೋಡೆಗೆ ಅಂಟಿಸಿದೆ. ದಿನಾ ತಲೆ ಬಾಚುವಾಗ ಕಣ್ಣಿಗೆ ಬೀಳಲಿ, ಪಗಾರದಲ್ಲಿ ಒಂದೊಂದೇ ತರೋಣ ಎಂಬುದು ನನ್ನ ಲೆಕ್ಕ.

ಆದರೆ ನಮ್ಮ ಕಡೆ ಮದುವೆಗೆ ಬಂದ ಹುಡುಗಿ ಟೇಬಲ್, ಕಪಾಟು, ಗಾದಿ, ಟಿವಿ ಅಂತ ಬಾಯಿ ಬಿಟ್ಟರೆ ಅದಕ್ಕೆ ಅರ್ಥ ಒಂದೇ. ಅದನ್ನು ಮರೆತಿದ್ದೆ.

ಆ ವಾರ ಹುಕ್ಕೇರಿಯಿಂದ ಅತ್ತಿ, ಅಂದರೆ ಅಪ್ಪನ ಅಕ್ಕ, ಬಂದಳು. ಕುಂಕುಮ ಸರಿಮಾಡಿಕೊಳ್ಳಲು ಕನ್ನಡಿ ಮುಂದೆ ನಿಂತವಳು ಗೋಡೆ ಓದಿದಳು. ನಾನು ಶಾಲೆಯಲ್ಲಿದ್ದೆ. ಅವ್ವನಿಗೆ ಓದು ಬರುವುದಿಲ್ಲ. ಅತ್ತಿ ಓದಿ ಹೇಳಿದಳಂತೆ. ಎಷ್ಟು ವರ್ಷ ಹೇಳಿದರೂ ಮದುವೆ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ ಹುಡುಗಿ ಕೊನೆಗೆ ಬಾಯಲ್ಲಿ ಹೇಳಲು ನಾಚಿ ಗೋಡೆಗೆ ಅಂಟಿಸಿದ್ದಾಳೆ ಎಂದು ಅತ್ತಿಗೆ ಕಣ್ಣಲ್ಲಿ ನೀರೇ ಬಂತಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬಳಗ ನಮ್ಮದು. ಸಂಜೆಯೊಳಗೆ ಫೋನು ಕೌಜಲಗಿಗೆ ಮುಟ್ಟಿತು, ನನ್ನ ಸೋದರಮಾವನಿಗೆ.

ನಮ್ಮಲ್ಲಿ ಮದುವೆಯ ಸಾಮಾನನ್ನು ಬಳಗದವರು ಹಂಚಿಕೊಂಡು ಕೊಡುತ್ತಾರೆ. ಅದಕ್ಕೆ ಆಯೇರಿ ಅನ್ನುತ್ತೇವೆ. ಹಿರಿಯರ ಮುಂದೆ ‘ಇಂಥದ್ದು ನಂದು’ ಅಂತ ಒಬ್ಬ ಅಂದನೆಂದರೆ ಆ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಬಳಗದಲ್ಲಿ ತಲೆ ಎತ್ತುವಂತಿಲ್ಲ. ಮಾಮ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರ ಮುಂದೆ ‘ಟೇಬಲ್ ನಂದು’ ಅಂದುಬಿಟ್ಟಿದ್ದ. ಗಾದಿ ಅತ್ತಿಯದಾಯಿತು. ಹುಡುಗನೂ ಮೂಡಲಗಿಯಲ್ಲಿ ಸಿಕ್ಕಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ನನಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನಾಚಿಕೊಂಡಿದ್ದೇನಲ್ಲ!

ಮಾಮ ಫೋನು ಮಾಡಿ, “ಗೋಕಾಕಕ್ಕ ಬಾ ಯವ್ವಾ, ಟೇಬಲ್ ಕೊಡಸ್ತೇನಿ” ಅಂದಾಗ ನಾನು ಕತೆ ಅಚ್ಚಾದ ಖುಷಿಗೆ ಎಂದುಕೊಂಡೆ. ಓದು ಬಾರದ ಮಾಮ ನನ್ನ ಕತೆಗೆ ಟೇಬಲ್ ಕೊಡಿಸುತ್ತಾನೆಂದು ಬಸ್ಸಿನ ತುಂಬ ಎದೆಯುಬ್ಬಿಸಿಕೊಂಡು ಹೋದೆ. ಅಂಗಡಿಯಲ್ಲಿ ಸಾಗವಾನಿಯ ಒಂದು ಟೇಬಲ್ ಮೇಲೆ ಎರಡೂ ಮೊಣಕೈ ಊರಿ ಭಾರ ಹಾಕಿ ನೋಡಿದೆ. ಅಲ್ಲಾಡಲಿಲ್ಲ. ಇದೇ ಅಂದೆ. ಮಾಮ ದುಡ್ಡು ಕೊಟ್ಟ. ಅಂಗಡಿಯವನು ರಸೀದಿ ಹರಿಯುತ್ತ, “ಮದುವಿ ಅಕ್ಕಿಕಾಳ ಯಾವಾಗ್ರಿ?” ಅಂತ ಕೇಳಿದ.

“ಮೂಡಲಗ್ಯಾವರು ಹೂಂ ಅಂದಾರ. ಇನ್ನ ದಿನಾ ನೋಡೂದೈತ್ರಿ” ಅಂದ ಮಾಮ.

“ಯಾರ ಮದುವಿ ಮಾಮಾ?”

ಮಾಮ ನಕ್ಕ. ನನಗೆ ಅರ್ಥವಾಗಲು ಆ ನಗುವೇ ಸಾಕಾಯಿತು. ಅಂಗಡಿಯಲ್ಲೇ ನಿಂತು ಹೇಳಿದೆ, ಈ ಟೇಬಲ್ ಬರೆಯಲು, ಮದುವೆಗಲ್ಲ, ನನಗೆ ಮದುವೆ ಈಗ ಬೇಡ. ಕೆಲಸದ ಹುಡುಗರೆಲ್ಲ ಕೆಲಸ ಬಿಟ್ಟು ಕೇಳಿದರು. ಮಾಮ ರುಮಾಲು ತೆಗೆದು ಮುಖ ಒರೆಸಿಕೊಂಡ. ಒಳ್ಳೆಯವನು, ಜೀವಮಾನದಲ್ಲಿ ನನ್ನ ಮೇಲೆ ಕೈ ಎತ್ತಿದವನಲ್ಲ.

“ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ನಾಕ ಮಂದ್ಯಾಗ ಕೊಡತೇನಿ ಅಂದೇನಿ. ಟೇಬಲ್ ಬರತೈತಿ. ನಿನ್ನ ಮನಸ್ಸೂ ಬರತೈತಿ ತಗೋ” ಅಂದ.

ಟೆಂಪೋ ಘೋಡಗೇರಿಗೆ ಬಂದಾಗ ಅತ್ತಿ ಬಾಗಿಲಲ್ಲಿ ಅರಿಶಿಣ-ಕುಂಕುಮ ಹಿಡಿದು ನಿಂತಿದ್ದಳು. ಟೇಬಲ್‌ಗೆ ಹಚ್ಚಿದಳು. ನಾನು ಒಳಗೆ ಎತ್ತಲು ಹೋದರೆ ಅಡ್ಡ ಬಂದಳು.

“ಏ ಹುಚ್ಚೀ, ಆಯೇರಿ ಸಾಮಾನ ಅಕ್ಕಿಕಾಳ ಬೀಳೂ ಮಟಾ ತವರಮನಿ ಹೊಸ್ತಿಲ ದಾಟಬಾರದು. ಮನಿಗೆ ಒಳ್ಳೇದಲ್ಲ.”

ಟೇಬಲ್ ಕುರಿದೊಡ್ಡಿಯ ತಗಡಿನ ಚಪ್ಪರದ ಕೆಳಗೆ ಹೋಯಿತು.

ಆಗ ಎರಡು ಕೆಲಸ ಮಾಡಬೇಕು ಅಂತ ನಿಶ್ಚಯಿಸಿದೆ. ಒಂದು, ಮೂಡಲಗಿಗೆ ನಾನೇ ಹೋಗಿ ಹೇಳುವುದು. ಇನ್ನೊಂದು, ಆ ಟೇಬಲ್ ಎಲ್ಲಿದ್ದರೂ ಅಲ್ಲೇ ಬರೆಯುವುದು.

ಮೂಡಲಗಿಯ ಹುಡುಗ ಟಿವಿ, ಮಿಕ್ಸರ್ ಮಾರುವ ಅಂಗಡಿ ಇಟ್ಟಿದ್ದ. ಒಳಗೆ ಕಾಲಿಟ್ಟರೆ ನಾನು ಗೋಡೆಗೆ ಬರೆದದ್ದರಲ್ಲಿ ಅರ್ಧ ಅಲ್ಲೇ ಹೊಳೆಯುತ್ತಿತ್ತು. ಒಂದು ಕ್ಷಣ ಮನಸ್ಸು ಜಾರಿತು, ಸುಳ್ಳು ಯಾಕೆ ಹೇಳಲಿ. ಘೋಡಗೇರಿಯ ಹುಡುಗಿ ನಾನೇ ಅಂದೆ. ಅವನು ಗಡಬಡಿಸಿ ಎದ್ದು, “ಬರ್ರಿ, ಕುಂದರ್ರಿ, ಚಾ ತರಸ್ತೇನಿ” ಅಂದ.

“ಕುಂದ್ರಾಕ ಬಂದಿಲ್ರಿ. ನನಗ ಈಗ ಮದುವಿ ಬ್ಯಾಡ. ನಿಮ್ಮ ಮ್ಯಾಲ ಸಿಟ್ಟೇನಿಲ್ಲ. ನಿಮ್ಮ ಗುರ್ತನ ಇಲ್ಲ ನನಗ.”

ಅವನು ಹೊರಗೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿ, ದನಿ ಇಳಿಸಿ ಹೇಳಿದ, “ಚಲೋ ಮಾಡಿದ್ರಿ. ಖರೆ ಹೇಳಬೇಕಂದ್ರ ನನ್ನೂ ಯಾರೂ ಕೇಳಿಲ್ರಿ.”

ಬರುವಾಗ ಅಲ್ಲೇ ಒಂದು ಸ್ಪೀಕರ್ ಕೊಂಡೆ. ಕಡಿಮೆ ಮಾಡಿಕೊಡುತ್ತೇನೆ ಅಂದ, ಬೇಡ ಅಂದೆ. ಋಣ ಇಟ್ಟುಕೊಳ್ಳುವ ಪೈಕಿ ಅಲ್ಲ ನಾನು.

ಮಾತು ಮುರಿದ ಸುದ್ದಿ ಕೇಳಿ ಮಾಮ ಫೋನು ಎತ್ತುವುದನ್ನೇ ಬಿಟ್ಟ. ಅತ್ತಿ ಮಾತ್ರ ಬಂದು ಬಂದು ಅತ್ತಳು. ನಾನು ದಿನಾ ಶಾಲೆಯಿಂದ ಬಂದು, ಕೈಕಾಲು ತೊಳೆದು, ಕುರಿದೊಡ್ಡಿಯಲ್ಲಿ ಬುಟ್ಟಿ ಬೋರಲು ಹಾಕಿಕೊಂಡು ಟೇಬಲ್ ಮುಂದೆ ಕೂರುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ‘ಏನ್ ಟೀಚರ್, ಕುರಿಗೋಳಿಗೆ ಸಾಲಿ ಕಲಸಾಕತ್ತೀರೇನ್ರಿ?’ ಅಂತ ಕೇಳಿದವರೂ ಇದ್ದರು. ಹೌದ್ರಿ, ಇವು ಬೇಗ ಕಲೀತಾವು, ಅನ್ನುತ್ತಿದ್ದೆ. ಒಂದು ಟಗರು ಕತೆಯ ನಡುವಿನ ಹಾಳೆಯೊಂದನ್ನು ತಿಂದುಬಿಟ್ಟಿತು. ಮತ್ತೆ ಬರೆದೆ, ಎರಡನೇ ಸಲ ಬರೆದದ್ದು ಮೊದಲಿನದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಟಗರಿನ ಮಟ್ಟಿಗೆ ಒಪ್ಪಲೇಬೇಕು. ಅವ್ವ ರೊಟ್ಟಿ ಅಲ್ಲಿಗೇ ತಂದುಕೊಡುತ್ತಿದ್ದಳು. ಒಳಗೆ ಬಾ ಅಂತಲೂ ಅನ್ನಲಿಲ್ಲ, ಬರೆಯಬೇಡ ಅಂತಲೂ ಅನ್ನಲಿಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಮಳೆ ಹತ್ತಿರ ಬಂದಿತ್ತು. ಚಪ್ಪರದ ತಗಡಿನಲ್ಲಿ ತೂತುಗಳಿದ್ದವು. ಒಂದು ಬೆಳಿಗ್ಗೆ ಮಾಮ ಅದೇ ಟೆಂಪೋ ತಂದು ನಿಲ್ಲಿಸಿದ. ಜೊತೆಗೆ ಅತ್ತಿಯನ್ನೂ ಕರೆದುಕೊಂಡು ಬಂದಿದ್ದ.

“ನನ್ನ ಆಯೇರಿ ಕುರಿಹಿಕ್ಕ್ಯಾಗ ಬಿದ್ದೈತಿ ಅಂತ ಮಂದಿ ನಗಾಕತ್ತಾರ. ಒಯ್ದು ನಮ್ಮ ಮನ್ಯಾಗ ಇಡತೇನಿ. ನೀ ಯಾವಾಗ ಹೂಂ ಅಂತಿ, ಅವಾಗ ನಿನ್ನ ಗಂಡನ ಮನಿಗೆ ಮುಟ್ಟಸ್ತೇನಿ” ಅಂದ.

ನಾನು ಹೋಗಿ ಟೇಬಲ್ ಮೇಲೇ ಕುಳಿತೆ. “ಒಯ್ಯೂದಾದ್ರ ನನ್ನೂ ಎತ್ತಿ ಹಾಕು ಟೆಂಪೋದಾಗ.”

“ಹಟಾ ಮಾಡಬ್ಯಾಡ. ಇದು ಇನ್ನ ನಿನ್ನ ಕೈಗೆ ಬಂದಿಲ್ಲ. ನೋಡಿಲ್ಲಿ.” ಮಾಮ ಅಂಗಿಯ ಜೇಬಿನಿಂದ ಒಂದು ಸಣ್ಣ ಕೀಲಿಕೈ ತೆಗೆದು ತೋರಿಸಿದ. ಟೇಬಲ್‌ಗೆ ಒಂದು ಡ್ರಾವರ್ ಇತ್ತು, ಇಷ್ಟು ದಿನವೂ ಅದಕ್ಕೆ ಕೀಲಿ ಬಿದ್ದಿತ್ತು. “ಕೀಲಿಕೈ ಸೋದರಮಾವ ಬೀಗತಿ ಕೈಯಾಗ, ಅಂದ್ರ ಹುಡುಗನ ಅವ್ವನ ಕೈಯಾಗ ಕೊಡೂದು ಪದ್ಧತಿ. ಕೊಟ್ಟ ಮ್ಯಾಲ ಸಾಮಾನ ನಿಂದು.”

ಆಗ ಅವ್ವ ಮಾತಾಡಿದಳು. ಕುರಿಗೆ ನೀರು ಹಾಕುತ್ತಿದ್ದವಳು ಕೊಡ ಕೆಳಗಿಟ್ಟಳು.

“ಅಣ್ಣಾ, ನನ್ನ ಮದುವ್ಯಾಗ ಅಪ್ಪ ನನಗ ತಿಜೋರಿ ಕೊಟ್ಟಿದ್ದ. ನೆನಪೈತೇನು?”

“ಐತಿ. ಯಾಕ?”

“ಅದರ ಕೀಲಿಕೈನೂ ಹಿಂಗ ನನ್ನ ಗಂಡನ ಅವ್ವನ ಕೈಯಾಗ ಕೊಟ್ರಿ. ಆಕಿ ಸಾಯೂ ಮಟಾ ಸೊಂಟದಾಗ ಸಿಗಿಸಿಕೊಂಡು ತಿರಗಿದ್ಲು. ಆಮ್ಯಾಲ ನನ್ನ ಗಂಡನ ಕಡೆ ಹೋತು. ಆಂವ ಹೋದ ಮ್ಯಾಲ ಈ ಅಕ್ಕಾರು ಒಯ್ದ್ರು. ತಿಜೋರಿ ನನ್ನ ಮನ್ಯಾಗ ಐತಿ. ಕೀಲಿಕೈ ಹುಕ್ಕೇರ್ಯಾಗ ಐತಿ. ಒಂದ ಚಲೋ ಸೀರಿ ಉಡಬೇಕಂದ್ರ ನಾ ಫೋನ್ ಮಾಡಬೇಕ.”

ಅತ್ತಿ ಸೆರಗು ಸರಿಮಾಡಿಕೊಂಡಳು. “ಅದರಾಗ ಮನಿ ಕಾಗದಾ ಇದ್ದಾವು ಅಂತ ಒಯ್ದೇನವಾ…” ಅಂದಳು.

ನಾನು ಆ ತಿಜೋರಿಯ ಪಕ್ಕದಲ್ಲೇ ಬೆಳೆದವಳು. ಅದರ ಮೇಲೆ ಶಾಲೆಯ ಚೀಲ ಎಸೆದವಳು. ಅವ್ವನಿಗೆ ಏನೂ ಬೇಡ, ಅವಳು ಇರುವುದೇ ಹಾಗೆ ಅಂತ ತಿಳಿದಿದ್ದೆ.

“ಇದು ಹೊಸ್ತಿಲ ದಾಟಲಿ” ಅಂದಳು ಅವ್ವ. “ಕೆಟ್ಟದ್ದ ಆಗೂದಿದ್ರ ನನಗ ಆಗ್ಲಿ. ನನಗ ಆಗೂದು ಇನ್ನೇನ ಉಳದೈತಿ? ಏ, ಇಳಿ ಕೆಳಗ. ಆ ಕಡೆ ಹಿಡಿ.”

ಇಳಿದು ಹಿಡಿದೆ. ಸಾಗವಾನಿ ಭಾರ. ಬಾಗಿಲು ಸಣ್ಣದು. ಹೊಸ್ತಿಲ ಹತ್ತಿರ ಟೇಬಲ್ ಸಿಕ್ಕಿಕೊಂಡಿತು. ಅವ್ವ ಒಳಗಿನಿಂದ ಎಳೆಯುತ್ತಿದ್ದಳು, ನಾನು ಹೊರಗಿನಿಂದ ನೂಕುತ್ತಿದ್ದೆ, ಇಬ್ಬರಿಗೂ ಬೆವರು. ಮಾಮ ಸ್ವಲ್ಪ ಹೊತ್ತು ನೋಡಿದ. ಆಮೇಲೆ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, “ಹಿಂಗಲ್ಲ, ಅಡ್ಡ ಮಾಡ್ರಿ” ಅಂತ ಗದರಿಸುತ್ತ ಬಂದು ಕೈ ಹಚ್ಚಿದ. ಅತ್ತಿಯೂ ಒಂದು ಕಾಲು ಹಿಡಿದಳು. ಟೇಬಲ್ ಒಳಗೆ ಬಂತು. ಕಿಟಕಿಯ ಕೆಳಗೆ ಇಟ್ಟೆವು. ನೆಲ ಸಮ ಇಲ್ಲದಿದ್ದರೂ ಅಲ್ಲಾಡಲಿಲ್ಲ.

ಮಾಮ ಕೀಲಿಕೈ ಹಿಡಿದುಕೊಂಡು ನಿಂತೇ ಇದ್ದ. ಯಾರ ಕೈಗೆ ಕೊಡುವುದು ಅಂತ ಅವನಿಗೆ ತಿಳಿಯಲಿಲ್ಲ. ಕೊಡಬೇಕಾದ ಬೀಗತಿ ಅಲ್ಲಿ ಯಾರೂ ಇರಲಿಲ್ಲ. ನಾನು ಕೈ ಚಾಚಿದೆ. ಅದೇ ಹೊತ್ತಿಗೆ ಅವ್ವನೂ ಚಾಚಿದಳು. ಮಾಮ ನನ್ನ ಮುಖ ನೋಡಿ, ತಂಗಿಯ ಅಂಗೈಯಲ್ಲಿ ಇಟ್ಟ.

ಅವ್ವ ಅದನ್ನು ತಿರುವಿ ತಿರುವಿ ನೋಡಿದಳು. ಬೆರಳಿನಷ್ಟೂ ಇರಲಿಲ್ಲ ಅದು. ಆಮೇಲೆ ನನ್ನನ್ನು ನೋಡಿದಳು. ನಾನು ಹುಟ್ಟಿದಾಗಿನಿಂದ ಅವಳು ತನಗೆಂದು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

“ಇವತ್ತೊಂದ ದಿನಾ ನನ್ನ ಕಡೆ ಇರಲೇನ? ನಾಳಿ ಕೊಡತೇನಿ.”

ಇಟ್ಟುಕೋ ಅಂದೆ. ಸೆರಗಿನ ತುದಿಗೆ ಗಂಟು ಹಾಕಿ ಕಟ್ಟಿಕೊಂಡು, ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಎಲ್ಲರಿಗೂ ಚಹಾ ಕಾಸಲು ಹೋದಳು.