ಎಸಿ ರಿಪೇರಿ ಮತ್ತು ಉಡಿ ತುಂಬದ ಕೌದಿ

ದಾಂಡೇಲಿಗೆ ಮೊದಲ ಸಲ ಬಂದವರು ಬಸ್ಸಿನಿಂದ ಇಳಿಯುತ್ತಲೇ ಮೂಗಿಗೆ ಸೆರಗು ಹಿಡಿಯುತ್ತಾರೆ. "ಏನ್ ವಾಸನಿರೀ ಇದು?" ಎಂದು ಕೇಳಿದರೆ ನಾವು "ಯಾವ ವಾಸನಿ?" ಎನ್ನುತ್ತೇವೆ. ಕಾಗದದ ಗಿರಣಿಯ ಊರಿನಲ್ಲಿ ಬಹಳ ಕಾಲ ಬದುಕಿದವರ ಮೂಗು ಹಾಗಾಗಿಬಿಡುತ್ತದೆ. ನಾನು ಅದೇ ಗಿರಣಿಯಲ್ಲಿ ಫಿಟರ್ ಆಗಿ ಸೇರಿ ಫಿಟರ್ ಆಗಿಯೇ ನಿವೃತ್ತನಾದವನು. ಇಂಥ ಮೂಗನ್ನು ನಂಬಿ ಹೋದ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳನ್ನು ನೋಯಿಸಿದೆ. ಅದನ್ನು ಬರೆಯಬೇಕಾಗಿದೆ.

ನಿವೃತ್ತಿಯ ನಂತರ ಒಂದು ಹಳೆಯ ಕಾರು ಕೊಂಡಿದ್ದೆ. ಅದರಲ್ಲಿ ಎಸಿ ಇತ್ತು. ಆದರೆ ಗುಂಡಿಯನ್ನು ಎಷ್ಟು ತಣ್ಣನೆಯ ಕಡೆಗೆ ತಿರುಗಿಸಿದರೂ ಎಂಜಿನ್ನಿನ ಬಿಸಿ ಗಾಳಿಯೇ ಮುಖಕ್ಕೆ ಬಡಿಯುತ್ತಿತ್ತು. ಗುಂಡಿಯ ಹಿಂದಿನ ವೈರು ತುಂಡಾಗಿ, ಬಿಸಿ ಗಾಳಿಯನ್ನು ತಡೆಯುವ ಮುಚ್ಚಳ ತೆರೆದೇ ಉಳಿದಿತ್ತು. ಗ್ಯಾರೇಜಿಗೆ ಒಯ್ಯುವುದು ನನ್ನ ಮರ್ಯಾದೆಗೆ ಕಡಿಮೆ ಎನಿಸಿತು. ಮುಂದಿನ ಗಾಜಿನ ಬುಡದ ಮುಚ್ಚಿಗೆ ಬಿಚ್ಚಿ, ಡ್ಯಾಶ್‌ಬೋರ್ಡ್ ಬಿಚ್ಚಿ, ಸೈಕಲ್ಲಿನ ಬ್ರೇಕ್ ವೈರನ್ನು ಅಳತೆಗೆ ಕತ್ತರಿಸಿ ಕೂಡಿಸಿದೆ. ತಣ್ಣನೆ ಗಾಳಿ ಬಂತು. ಎಲ್ಲ ಮತ್ತೆ ಜೋಡಿಸಿದ ಮೇಲೆ ಅಂಗೈಯಗಲದ ಒಂದು ಜಾಲರಿ ನೆಲದ ಮೇಲೆ ಉಳಿದಿತ್ತು.

"ಅದೇನ್ರೀ ಉಳದದ್ದು?" ಎಂದು ಹೆಂಡತಿ ಕೇಳಿದಳು.

"ಅದೇನ್ ಬೇಕಾಗಿಲ್ಲ. ಕಾರ್ ಮಾಡಾವ್ರು ಒಂದೆರಡು ಸಾಮಾನು ಸುಮ್ಮನ ಹಾಕಿರ್ತಾರ."

"ಹೌದೌದು, ಅವ್ರು ನಿಮ್ಮಷ್ಟು ಶಾಣ್ಯಾರಲ್ಲ ನೋಡ್ರಿ," ಎಂದಳು. ಜಾಲರಿಯನ್ನು ಶೆಡ್ಡಿನ ಮೊಳೆಗೆ ತೂಗುಹಾಕಿದೆ.

ಅದೇ ವಾರ ಮುಂಡಗೋಡದ ಸಂತೆಯಿಂದ ಅಕ್ಕಿ ತಂದೆ. ಚೀಲ ಹರಿದು ಕಾರಿನ ತುಂಬ ಅಕ್ಕಿ ಚೆಲ್ಲಿತು. ಕೈಗೆ ಸಿಕ್ಕಷ್ಟು ಬಳಿದುಕೊಂಡೆ. ಸಂದಿಯೊಳಗೆ ಬಿದ್ದದ್ದು ಅಲ್ಲೇ ಉಳಿಯಿತು.

ನಮ್ಮ ಮಗಳು ಆಗ ಬಸುರಿ. ಹುಟ್ಟುವ ಕೂಸಿಗೆಂದು ನನ್ನ ಹೆಂಡತಿ ತನ್ನ ಹಳೆಯ ಸೀರೆಗಳನ್ನೆಲ್ಲ ತೆಗೆದಿಟ್ಟಿದ್ದಳು. ಅವುಗಳ ತುಂಡುಗಳನ್ನು ಪದರಾಗಿ ಕೂಡಿಸಿ ಕೌದಿ ಹೊಲಿಯಲು ಹಳಿಯಾಳದ ಆಚೆಯ ಹಳ್ಳಿಯಿಂದ, ಆಫ್ರಿಕಾ ಮೂಲದ ಸಿದ್ದಿ ಜನರ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಇಬ್ಬರಿಗೂ ಹಳೆಯ ಗೆಳೆತನ. ಅವಳು ನನ್ನ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು, ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ನಾನು ಅವಳನ್ನು ತಂಗಿ ಎಂದೇ ಕರೆಯುತ್ತಿದ್ದೆ.

ಕೌದಿ ಬಹುಪಾಲು ಮುಗಿದಿತ್ತು. ಉಳಿದದ್ದನ್ನು ಮನೆಯಲ್ಲಿ ಹೊಲಿಯುತ್ತೇನೆಂದು ಅವಳು ಗಂಟು ಕಟ್ಟಿಕೊಂಡು ಹೊರಟಳು. ಬಿಸಿಲು ಜೋರಿತ್ತು. ಬಸ್ಸಿಗೆ ಬೇಡ, ಕಾರಿನಲ್ಲಿ ಬಿಟ್ಟು ಬರೋಣ ಎಂದಳು ಹೆಂಡತಿ. ಅವಳು ನನ್ನ ಪಕ್ಕದಲ್ಲಿ ಕುಳಿತಳು. ತಂಗಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. ಊರು ದಾಟಿದ ಮೇಲೆ ನನ್ನ ರಿಪೇರಿ ತೋರಿಸುವ ಹುಮ್ಮಸ್ಸಿನಿಂದ ಎಸಿ ಹಾಕಿದೆ.

ತಣ್ಣನೆ ಗಾಳಿಯ ಜೊತೆಗೆ ಏನೋ ಕೊಳೆತ ನಾತ ಬಂತು. ನನ್ನ ಮೂಗಿಗೂ ತಾಕುವಂಥದ್ದು. ಎಸಿ ಆರಿಸಿ, ಗುಂಡಿಯೊತ್ತಿ ಗಾಜು ಇಳಿಸಿದೆ.

"ತಂಗಿ, ಆ ಗಂಟು ಡಿಕ್ಕಿಯೊಳಗ ಇಡೂಣು ಕೊಡು," ಎಂದೆ.

"ಯಾಕ್ರೀ ಅಣ್ಣಾ? ಕೂಸಿನ ಕೌದಿ ಐತಿ, ತೊಡಿ ಮ್ಯಾಲೇ ಇರ್ಲಿ. ಏನ್ ಭಾರ ಇಲ್ಲ."

"ಭಾರದ ಮಾತಲ್ಲ. ಕೌದಿಯೊಳಗ ರೊಟ್ಟಿ, ಅಕ್ಕಿ ಅಂತ ತುಂಬ್ತೀರಲ್ಲ, ಈ ಸೆಕಿಗೆ ಅದು ಹಳಸೇತಿ. ವಾಸನಿ ಬರಾಕತ್ತೈತಿ."

ಕೌದಿ ಹಸಿದಿರಬಾರದೆಂದು ಕೊನೆಯ ಹೊಲಿಗೆ ಮುಚ್ಚುವ ಮೊದಲು ಅದರೊಳಗೆ ಒಂದಿಷ್ಟು ಅಕ್ಕಿಯನ್ನೋ ರೊಟ್ಟಿಯ ಚೂರನ್ನೋ ಇಡುತ್ತಾರೆ. ಉಡಿ ತುಂಬುವುದು ಎನ್ನುತ್ತಾರೆ ಅದಕ್ಕೆ. ನಮ್ಮ ಧಾರವಾಡದ ಕಡೆಯಲ್ಲೂ ಈ ಪದ್ಧತಿ ಇದೆ. ಸಿದ್ದಿ ಹೆಂಗಸರು ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಮಾಡಿದ ಹೂವನ್ನೂ ಇಟ್ಟು ಹೊಲಿಯುತ್ತಾರೆ, ಅದಿಲ್ಲದೆ ಕೌದಿ ಮುಗಿದಂತಲ್ಲ.

ಹೆಂಡತಿ ನನ್ನ ಕಡೆ ತಿರುಗಿದಳು. "ಏನ್ ಮಾತಾಡ್ತೀರಿ? ಕೌದಿಗೆ ಇನ್ನೂ ಉಡೀನ ತುಂಬಿಲ್ಲ. ಮೂಲಿಗೆ ಹೂವಾನೂ ಇಟ್ಟಿಲ್ಲ."

ಹಿಂದಿನಿಂದ ಒಂದು ಸಣ್ಣ ನಗು ಕೇಳಿಸಿತು.

"ಗಂಟು ಬಿಡ್ರಿ ಅಣ್ಣಾ. ಗಂಟು ಹಿಡ್ಕೊಂಡ್ ಕುಂತಾಕಿ ವಾಸನಿ ಅಂತ ಹೇಳ್ರಿ, ಸರಳ ಆಕ್ಕೈತಿ."

ಅಲ್ಲವೆಂದು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ನಿಜವಿತ್ತು. ನಾತ ಮೂಗಿಗೆ ಬಡಿದಾಗ ನನ್ನ ಕಣ್ಣು ಮೊದಲು ಹೋದದ್ದು ಗಂಟಿನ ಮೇಲಲ್ಲ. ಕನ್ನಡಿಯಲ್ಲಿ ಕಂಡ ಅವಳ ಮುಖದ ಮೇಲೆ, ಅವಳ ಗುಂಗುರು ಕೂದಲಿನ ಮೇಲೆ. ಅವಳ ಜನರ ಬಗ್ಗೆ ಚಿಕ್ಕಂದಿನಿಂದ ಕೇಳಿದ ಹೊಲಸು ಮಾತುಗಳು ನನ್ನೊಳಗೆ ಎಲ್ಲಿಯೂ ಹೋಗದೆ ಕೂತಿದ್ದವು. ಅವುಗಳನ್ನು ಬಾಯಿಬಿಟ್ಟು ಆಡುವ ಧೈರ್ಯವಿಲ್ಲದೆ ಗಂಟನ್ನು ಮುಂದೆ ಮಾಡಿದೆ. ಗಾಜು ಇಳಿಸಿದಾಗಲೂ ಅವಳ ಬದಿಯದನ್ನಷ್ಟೇ ಇಳಿಸಿದ್ದೆ.

"ಇಲ್ಲೇ ನಿಂದರ್ಸ್ರಿ. ಬಸ್ ಬರ್ತೈತಿ," ಎಂದಳು. ಹೆಂಡತಿ ಅವಳ ಕೈ ಹಿಡಿದು ಬೇಡಿಕೊಂಡಳು. ತಂಗಿ ಗಂಟನ್ನು ಸೀಟಿನ ಮೇಲೆ ಬಿಟ್ಟು ಇಳಿದಳು. "ಹೂವಾ ನೀವ ಇಡ್ರಿ ವೈನಿ," ಎಂದಷ್ಟೇ ಹೇಳಿ ರಸ್ತೆಯ ಬದಿಯ ನೆರಳಿಗೆ ಹೋಗಿ ನಿಂತಳು.

ಮರುದಿನ ಒಬ್ಬನೇ ಕಾರಿನಲ್ಲಿ ಕುಳಿತು ಎಸಿ ಹಾಕಿದೆ. ನಾತ ಅಲ್ಲೇ ಇತ್ತು, ಇನ್ನೂ ಹೆಚ್ಚಾಗಿತ್ತು. ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ, ಗಾಳಿ ಊದುವ ಬ್ಲೋವರ್ ಇಳಿಸಿದೆ. ಅದರ ರೆಕ್ಕೆಗಳ ನಡುವೆ ಒಂದು ಇಲಿ ಸತ್ತು ಕೊಳೆತಿತ್ತು. ಅದರ ಗೂಡು ನನ್ನ ಸೀಟಿನದೇ ಸ್ಪಂಜಿನ ಚೂರುಗಳಿಂದ ಮಾಡಿದ್ದು, ಗೂಡಿನ ತುಂಬ ಮುಂಡಗೋಡದ ಅಕ್ಕಿ. ಬ್ಲೋವರಿಗೆ ಗಾಳಿ ಬರುವ ದಾರಿಯಲ್ಲಿ ಕೈ ಆಡಿಸಿದಾಗ ಅಂಗೈಯಗಲದ ಜಾಗ ತೆರೆದಿರುವುದು ತಿಳಿಯಿತು. ಶೆಡ್ಡಿನ ಮೊಳೆಯಲ್ಲಿ ತೂಗುತ್ತಿದ್ದ ಜಾಲರಿ ಅಲ್ಲಿಯದು.

ಆಗಲಾದರೂ ನಾನು ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಹಿತ್ತಿಲಲ್ಲಿ ಇಲಿಯನ್ನು ಹೂತೆ, ಫಿನೈಲ್ ಹಾಕಿ ಎಲ್ಲ ತೊಳೆದೆ, ಜಾಲರಿ ಕೂಡಿಸಿದೆ. ಹೆಂಡತಿಗೆ ಎಸಿಯ ಗ್ಯಾಸ್ ಕಡಿಮೆಯಾಗಿತ್ತು ಎಂದು ಸುಳ್ಳು ಹೇಳಿದೆ. ಅವಳು ಕಾರಿನಲ್ಲಿ ಕುಳಿತು ಉಸಿರು ಎಳೆದು ನೋಡಿದಳು.

"ಈಗ ವಾಸನಿ ಇಲ್ಲ."

"ಇಲ್ಲ."

"ಅಕೀನೂ ಇಲ್ಲ. ಅಂದ್ರ ನಿಮ್ಮ ಮಾತ ಖರೆ ಆತಿಲ್ಲೋ?"

ನನ್ನ ಸುಳ್ಳು ಏನು ಮಾಡುತ್ತಿದೆ ಎಂಬುದು ಆಗ ಕಂಡಿತು. ಇಲಿಯ ವಿಷಯ ಹೇಳಿದೆ. ಅವಳು ಬೈಯಲಿಲ್ಲ. "ನನ್ನ ಮುಂದ ಯಾಕ ಹೇಳ್ತೀರಿ? ಅಕಿ ಮುಂದ ಹೋಗಿ ಹೇಳ್ರಿ," ಎಂದು ಕೌದಿಯ ಗಂಟನ್ನು ನನ್ನ ಕೈಗೆ ಕೊಟ್ಟಳು.

ತಂಗಿ ತನ್ನ ಮನೆಯ ಅಂಗಳದಲ್ಲಿ ಮತ್ತಿಬ್ಬರು ಹೆಂಗಸರೊಂದಿಗೆ ಬೇರೊಂದು ಕೌದಿ ಹೊಲಿಯುತ್ತಿದ್ದಳು.

"ಬರ್ರಿ ಅಣ್ಣಾ. ಕಾರಿನ ಕಿಡಕಿ ಎಲ್ಲಾ ತೆರದ ಬಂದೀರಿಲ್ಲೋ?" ಎಂದಳು. ಆ ಇಬ್ಬರೂ ಜೋರಾಗಿ ನಕ್ಕರು. ಕಥೆ ಅವರಿಗೂ ಗೊತ್ತಿತ್ತು.

"ಬ್ಲೋವರಿನಾಗ ಇಲಿ ಸತ್ತಿತ್ತು ತಂಗಿ. ಜಾಲರಿ ಹಾಕೂದು ನಾನ ಬಿಟ್ಟಿದ್ದೆ. ತಪ್ಪು ನಂದು," ಎಂದೆ.

ಅವಳ ಸೂಜಿ ನಿಲ್ಲಲಿಲ್ಲ. "ಇಲಿ ಸಿಕ್ತು, ನೀವು ಬಂದ್ರಿ," ಎಂದಳು. "ಇಲಿ ಸಿಗದಿದ್ರ?"

ನಾನು ಗಂಟು ಹಿಡಿದುಕೊಂಡು ನಿಂತಿದ್ದೆ. ಸ್ವಲ್ಪ ಹೊತ್ತು ಕಾದು ಅವಳು ಹಲ್ಲಿನಿಂದ ದಾರ ಕಡಿದಳು, ಕೈ ಚಾಚಿ ಗಂಟು ತೆಗೆದುಕೊಂಡಳು. "ಚಾ ಕುಡುದು ಹೋಗ್ರಿ. ವೈನಿಗೆ ಹೇಳ್ರಿ, ಹೂವಾ ಇಡೂದು ಐತಿ, ಬಾ ಅಂತ. ಬಸ್ಸಿಗೆ ಬಾ ಅಂತ ಹೇಳ್ರಿ."

ಕೌದಿ ಮುಗಿಯಿತು. ಅವರ ಮನೆಯ ಅಕ್ಕಿಯಿಂದ ಉಡಿ ತುಂಬಿದರಂತೆ. ಈಗ ಮೊಮ್ಮಗಳು ಅದನ್ನು ಹೊದ್ದು ಮಲಗುತ್ತಾಳೆ. ಹೆಂಡತಿ ಗೆಳತಿಯ ಮನೆಗೆ ಇವತ್ತಿಗೂ ಬಸ್ಸಿಗೇ ಹೋಗುತ್ತಾಳೆ, ನೋಯುವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾಳೆ. ನಾನು ಬಸ್ ನಿಲ್ದಾಣದವರೆಗೆ ಮಾತ್ರ ಬಿಟ್ಟು ಬರುತ್ತೇನೆ. ಎಸಿ ಚೆನ್ನಾಗಿ ನಡೆಯುತ್ತಿದೆ.

ಇಲಿ ಸಿಗದಿದ್ದರೆ ನಾನು ಹೋಗುತ್ತಿರಲಿಲ್ಲ. ಆ ವಾಸನೆ ಅವಳದೇ ಎಂದು ಸಾಯುವವರೆಗೂ ನಂಬಿಕೊಂಡು, ಅವಳನ್ನು ತಂಗಿ ಎಂದೇ ಕರೆಯುತ್ತಿದ್ದೆ. ಅಂಗಳದಲ್ಲಿ ಅವಳು ಕಾದದ್ದು ಈ ಮಾತಿಗೆ. ಚಹಾ ಕುಡಿದು ಬಂದೆ, ಹೇಳಲಿಲ್ಲ.