ಅನುಮೋದಿಸದೆ ಉಳಿದ ಹೆಸರು

ನನ್ನ ಅಕ್ಕನ ಹೆಸರಿಗೆ ನಾನು ಕೈ ಎತ್ತಲಿಲ್ಲ. ಎತ್ತಬೇಕಾದವನು ನಾನೊಬ್ಬನೇ ಎಂದು ಗೊತ್ತಿದ್ದೂ ಎತ್ತಲಿಲ್ಲ.

ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಅಪ್ಪನ ಮನೆ ಮಾರಿ, ನಾವಿಬ್ಬರೂ ಶಿವಮೊಗ್ಗದಲ್ಲಿ ದುರ್ಗಿಗುಡಿಯ ಹತ್ತಿರ ಒಂದೇ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡೆವು. ನಾನು ನೆಲಮಹಡಿ, ಅಕ್ಕ ನಾಲ್ಕನೆಯದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಟೈಲರ್. ಮನೆಯೊಳಗೆ ಜಾಗ ಸಾಲದೆ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹೊಲಿಗೆ ಮಿಷನ್ ಇಟ್ಟಿದ್ದೆ. ಅದು ಎಲ್ಲರಿಗೂ ಸೇರಿದ ಜಾಗ — ಸಂಘದ ಅಧ್ಯಕ್ಷ ಪರಮೇಶಣ್ಣ ‘ಇರ್ಲಿ ಬಿಡು’ ಎಂದ ಬಾಯಿಮಾತೇ ನನಗೆ ಪರವಾನಗಿ.

ಭಾವನಿಗೆ ಪಾರ್ಶ್ವವಾಯು ಬಡಿದ ವರ್ಷವೇ ಲಿಫ್ಟ್ ಕೆಟ್ಟು ನಿಂತಿತು. ಕಮಿಟಿಯವರೆಲ್ಲ ಕೆಳಮಹಡಿಯವರು. “ನಾವು ಹತ್ತದ ಲಿಫ್ಟಿಗೆ ನಾವ್ಯಾಕೆ ಕೊಡ್ಬೇಕು?” ಎನ್ನುತ್ತಿದ್ದರು. ಭಾವ ಬಾಲ್ಕನಿಯ ಕಂಬಿ ಹಿಡಿದು ಕೂತು, ಕೆಳಗೆ ಹೋಗಿಬರುವವರ ನೆತ್ತಿಗಳನ್ನು ನೋಡುತ್ತಿದ್ದರು. ಲಿಫ್ಟ್ ಸರಿ ಮಾಡಿಸಲೆಂದೇ ಅಕ್ಕ ಅಧ್ಯಕ್ಷಗಿರಿಗೆ ನಿಂತಳು.

ಹೆಸರು ಸೂಚಿಸಲು ಒಬ್ಬರು, ಅನುಮೋದಿಸಲು ಇನ್ನೊಬ್ಬರು ಬೇಕು. ಇಬ್ಬರೂ ಮನೆ ಮಾಲೀಕರಾಗಿರಬೇಕು. ಮೇಲಿನ ಮಹಡಿಗಳಲ್ಲಿ ಬಹುತೇಕ ಬಾಡಿಗೆಯವರು. ಮೂರನೇ ಮಹಡಿಯ ಮೇಷ್ಟ್ರು ಸೂಚಿಸಲು ಒಪ್ಪಿದರು. ಅನುಮೋದನೆಗೆ ಅಕ್ಕ ಯಾರನ್ನೂ ಹುಡುಕಲಿಲ್ಲ — ತಮ್ಮನಿದ್ದಾನಲ್ಲ.

ಸಭೆಯ ದಿನ ಬೆಳಿಗ್ಗೆ ಪರಮೇಶಣ್ಣ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. “ಏನ್ ಮಾರಾಯ, ಅಕ್ಕ ಅಧ್ಯಕ್ಷೆ ಆಗ್ತಾರಂತೆ? ಆಗ್ಲಿ ಆಗ್ಲಿ. ಆದ್ರೆ ಎಲ್ಲಾ ಕಾನೂನು ಪ್ರಕಾರ ಅಂತ ಶುರುವಾದ್ರೆ, ಈ ಮೂಲೆಗೂ ಕಾನೂನು ಬರುತ್ತೆ ನೋಡು” ಎಂದು ನಕ್ಕು ಹೋದರು. ಅಷ್ಟೇ. ಬೆದರಿಕೆ ಎನ್ನಲೂ ಆಗದು. ನನ್ನ ಕಾಲು ಮಾತ್ರ ಪೆಡಲ್ ಮೇಲೆ ನಿಂತುಬಿಟ್ಟಿತು.

ಪಾರ್ಕಿಂಗಿನಲ್ಲಿ ಸಭೆ. ಮೇಷ್ಟ್ರು ಅಕ್ಕನ ಹೆಸರು ಹೇಳಿದರು. “ಅನುಮೋದಕರು ಯಾರು?” ಪರಮೇಶಣ್ಣ ಕೇಳಿದರು. ಅಕ್ಕ ನನ್ನತ್ತ ತಿರುಗಿದಳು. ನಾನು ನೆಲ ನೋಡಿದೆ. “ಯಾರೂ ಇಲ್ವಾ?” — ಮತ್ತೆ ಕೇಳಿದರು. ನನ್ನ ಕೈ ಮಡಿಲಲ್ಲೇ ಇತ್ತು, ಯಾರೂ ಹಿಡಿದಿರಲಿಲ್ಲ... ಹೆಸರು ಬಿದ್ದುಹೋಯಿತು. ಪರಮೇಶಣ್ಣ ಅವಿರೋಧವಾಗಿ ಆಯ್ಕೆಯಾದರು.

ಇದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಮೇಷ್ಟ್ರು ಮೆಟ್ಟಿಲಲ್ಲಿ ನನ್ನನ್ನು ಬೈಯುವಾಗ ಅಕ್ಕ ಅಡ್ಡ ಬಂದಳು — “ಬಿಡಿ ಸಾರ್, ಓದಿದೋರ ಮುಂದೆ ಅವನಿಗೆ ಮೊದ್ಲಿಂದ್ಲೂ ಬಾಯಿ ಬರಲ್ಲ. ಗಾಬರಿಯಾಗಿರ್ತಾನೆ.” ನಾನು ತಲೆಯಾಡಿಸಿದೆ. ಓದಿಲ್ಲ ಎನ್ನುವುದನ್ನೇ ಹೊದ್ದುಕೊಂಡು ಅಡಗಿದೆ. ಆಮೇಲೆ ಅದೇ ಮೂಲೆಯಲ್ಲಿ ಕೂತು ಹೊಲಿಯುವಾಗ, ಗೋಡೆಗಳು ನನ್ನ ಕಡೆಗೇ ಸರಿದಂತಾಗುತ್ತಿತ್ತು.

ಕೊನೆಗೆ ಅಕ್ಕ ಮನೆಯನ್ನು ಬಾಡಿಗೆಗೆ ಕೊಟ್ಟು, ಭದ್ರಾವತಿಯಲ್ಲಿ ಮೆಟ್ಟಿಲು ಹತ್ತಬೇಕಿಲ್ಲದ ಒಂದು ಚಿಕ್ಕ ಮನೆಗೆ ಹೊರಟಳು. ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಕುರ್ಚಿಯ ಒಂದು ಕಾಲು ನಾನು ಹಿಡಿದಿದ್ದೆ. “ಮದುವೇಲೂ ಇಂಥಾ ಮೆರವಣಿಗೆ ಇರ್ಲಿಲ್ಲ ಕಣೋ,” ಭಾವ ತೊದಲಿದರು. ಎಲ್ಲರೂ ನಕ್ಕರು. ನಾನು ಮೆಟ್ಟಿಲು ಎಣಿಸುತ್ತ ಇಳಿದೆ.

ಹೋದ ಭಾನುವಾರ ಬಸ್ಸು ಹತ್ತಿದೆ. ಅಕ್ಕ ಭಾವನಿಗೂ ನನಗೂ ತಟ್ಟೆ ಇಟ್ಟು ಅವಲಕ್ಕಿ ಬಡಿಸುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಹೇಳಿದೆ:

“ಅಕ್ಕಾ, ಅವತ್ತು ನಂಗೆ ಗಾಬರಿ ಆಗಿರ್ಲಿಲ್ಲ. ಮಿಷನ್ ಜಾಗ ಹೋಗುತ್ತೆ ಅಂತ ಬೇಕಂತ್ಲೇ ಸುಮ್ನಿದ್ದೆ. ಭಾವ ಮೇಲೇ ಉಳೀತಾರೆ ಅಂತ ಗೊತ್ತಿತ್ತು. ತಪ್ಪಾಯ್ತಕ್ಕಾ... ಭಾವಾ, ನಿಮ್ಮನ್ನ ಅಲ್ಲಿ ಕೂಡಿಹಾಕ್ದೋನು ನಾನೇ. ಕ್ಷಮಿಸಿ.”